ನಮ್ಮ ಮನೆಯ ನಾಟಿ ಹುಳು

ಕೊಳ್ಳೇಗಾಲದ ಗೂಡಿನ ಮಾರುಕಟ್ಟೆ ದಾಟುವಾಗ ರೇಷ್ಮೆಗೂಡಿನ ಹಸಿ ವಾಸನೆ ಮೂಗಿಗೆ ಬಡಿಯುತ್ತದೆ. ಹೊಸಬರು ಮೂಗು ಮುಚ್ಚುತ್ತಾರೆ. ನನಗೋ, ಕಾಮಗೆರೆಯ ನಮ್ಮ ಹುಳುಮನೆಯ ಬಾಗಿಲು ತೆರೆದಂತಾಗುತ್ತದೆ: ಆಗತಾನೆ ಕೊಯ್ದ ಹಿಪ್ಪುನೇರಳೆ ಸೊಪ್ಪು, ಹುಳುಗಳು ಮೇಯುವ ಸರಸರ ಸದ್ದು, ತಟ್ಟೆಗಳ ಮೇಲೆ ಬಗ್ಗಿದ ಅಜ್ಜಿಯ ಬೆನ್ನು. ಊರಿನವರೆಲ್ಲ ದಪ್ಪ ಗೂಡಿನ ಮಿಶ್ರತಳಿಗೆ ಹೊರಳಿದರೂ ಅಜ್ಜಿ ತನ್ನ ಅತ್ತೆ ಕೊಟ್ಟ ನಾಟಿ ಹುಳುವನ್ನು ಬಿಟ್ಟಿರಲಿಲ್ಲ. ಅದರ ಗೂಡು ಸಣ್ಣದು, ತುಸು ಹಸಿರು ಬೆರೆತ ಹಳದಿ. "ಸೆಕೆ ತಡ್ಕತದೆ, ಒಣಕಲು ಸೊಪ್ಪು ತಿಂದ್ರೂ ಬದುಕ್ತದೆ. ಈ ನೆಲದ್ದು ಕಣವ್ವ ಇದು" ಎನ್ನುತ್ತಿದ್ದಳು.

ಬಿತ್ತನೆಗೆಂದು ಪ್ರತಿ ಬೆಳೆಯಲ್ಲೂ ಒಂದಷ್ಟು ಗೂಡನ್ನು ಮಾರದೆ ಉಳಿಸುತ್ತಿದ್ದಳು. ಅದರಿಂದ ಹೊರಬಂದ ಚಿಟ್ಟೆ ಬಿಳಿ ರೆಕ್ಕೆ ಪಟಪಟ ಬಡಿಯುತ್ತಿತ್ತು, ಹಾರುತ್ತಿರಲಿಲ್ಲ. ನನಗೆ ರೇಗುತ್ತಿತ್ತು. ಎತ್ತಿ ಮೇಲಕ್ಕೆ ತೂರಿದರೆ ಪೊತ್ತನೆ ಬೀಳುತ್ತಿತ್ತು. "ಬುಡವ್ವ, ಪಾಪ. ಇದ್ರ ದಾಯಾದಿಗಳು ಬಿಳಿಗಿರಿ ಕಾಡಲ್ಲಿ ಈಗ್ಲೂ ಆರಾಡ್ತವೆ. ಇವು ನಮ್ಮಂತೋರ ಮನೇಲಿ ಕುಂತು ಉಂಡೂ ಉಂಡೂ ಮರ್ತವೆ" ಎಂದು ಅಜ್ಜಿ ನಗುತ್ತಿದ್ದಳು. ಮುಂದೆ ಕಾಲೇಜಿನಲ್ಲಿ ಜೀವವಿಕಾಸದ ಪಾಠ ಓದುವಾಗ, ಸಾವಿರಾರು ವರ್ಷ ಮನುಷ್ಯ ಆರಿಸಿ ಆರಿಸಿ ಸಾಕಿದ್ದರಿಂದ ಹಾರಾಟ ಕಳೆದುಕೊಂಡ ಜೀವವಿದು, ಒಂದೊಂದು ಸೀಮೆಗೆ ಒಗ್ಗಿ ಒಂದೊಂದು ತಳಿಯಾಯಿತು ಎಂದು ತಿಳಿಯಿತು. ನಾವು ಸೊಪ್ಪು ಹಾಕದಿದ್ದರೆ ಅದಕ್ಕೆ ಬದುಕೇ ಇಲ್ಲ.

ಹಾಸಿಗೆ ಹಿಡಿದಾಗಲೂ ಅಜ್ಜಿಗೆ ಅದೊಂದೇ ಚಿಂತೆ. ಚಿಟ್ಟೆಗಳು ಬಟ್ಟೆಯ ಮೇಲೆ ಮೊಟ್ಟೆ ಇಟ್ಟಿದ್ದವು. ಅಪ್ಪನ ಕೈ ಹಿಡಿದು, "ಬಿತ್ನೆ ಕಳೀಬ್ಯಾಡ ಕಣಪ್ಪ, ಊರಲ್ಲಿ ಇನ್ಯಾರ ತವೂ ಇಲ್ಲ" ಎಂದಳು. ಅಪ್ಪ ಹೂಂ ಎಂದ. ಮಾರನೆಯ ದಿನ ಅಜ್ಜಿ ತೀರಿಕೊಂಡಳು. ಮಣ್ಣು ಮಾಡುವಾಗ ಅಪ್ಪನ ಕಣ್ಣಲ್ಲಿ ಹನಿ ನೀರಿಲ್ಲ. ಬಂದವರನ್ನು ವಿಚಾರಿಸುವುದರಲ್ಲೇ ಮುಳುಗಿದ್ದ. ಹುಳು ಇರುವ ಕಡೆ ಊದುಬತ್ತಿಯನ್ನೂ ಹಚ್ಚಬಾರದೆಂಬುದು ನಮ್ಮ ಮನೆಯ ಕಟ್ಟುಪಾಡು. ಹಬ್ಬದಲ್ಲೂ ಧೂಪವೆಲ್ಲ ಅಂಗಳದಲ್ಲೇ. ಆದರೆ ತಿಥಿಯ ದಿನ ಸೂತಕ ಕಳೆಯಬೇಕಲ್ಲ! ನೆಂಟರು ಸಾಂಬ್ರಾಣಿ ಹೊಗೆ ಹಿಡಿದು ಮೂಲೆಮೂಲೆಗೂ ಹೋದರು, ಹುಳುಮನೆಗೂ. ನಮ್ಮಲ್ಲೊಬ್ಬರಿಗೂ ಹೊಳೆಯಲಿಲ್ಲ. ಆ ಬೆಳಗ್ಗೆಯೇ ಮೊಟ್ಟೆ ಒಡೆದು ಮರಿಯಾಗಿತ್ತು.

ನೆಂಟರು ಉಂಡು ಹೋದ ಮೇಲೆ ಅಪ್ಪ ಎಳೆ ಸೊಪ್ಪು ಸಣ್ಣಗೆ ಹೆಚ್ಚಿಕೊಂಡು ಒಳಗೆ ಹೋದ. ಹಿಂದೆಯೇ ನಾನು. ಇರುವೆಗಿಂತ ಸಣ್ಣ ಕರಿ ಮರಿಗಳು ಬಟ್ಟೆಯ ಮೇಲೆ ಇದ್ದಲ್ಲೇ ಸೆಟೆದಿದ್ದವು. ಅಪ್ಪ ಕೋಳಿಪುಕ್ಕದಿಂದ ಮೆಲ್ಲಗೆ ಸವರಿದ. ಒಂದೂ ಅಲುಗಲಿಲ್ಲ. ಇನ್ನೊಮ್ಮೆ ಸವರಿದ. ಆಮೇಲೆ ಅಲ್ಲೇ ಕುಕ್ಕರಿಸಿ ಬಿಕ್ಕಿ ಬಿಕ್ಕಿ ಅತ್ತ. ಅಪ್ಪ ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು.

"ನಮ್ಮವ್ವ ಈಗ ಒಂಟೋದ್ಲು ಕಣವ್ವ" ಎಂದ.