ಅಕ್ಕ ಮಾಳಿಗೆ ಹತ್ತದಂತೆ ಒಂದು ಫೋನು

ಅಕ್ಕ ಮಾಳಿಗೆ ಹತ್ತಕೂಡದು ಎಂದು ಡಾಕ್ಟರು ಹೇಳಿದ ದಿನದಿಂದ ಅವಳಿಗೆ ಫೋನು ಮಾಡಲು ನನಗೆ ಹೆದರಿಕೆ ಶುರುವಾಯಿತು. ಅವಳಿರುವುದು ಕಮಲಾಪುರದಲ್ಲಿ, ನಾನು ಕಲಬುರಗಿಯಲ್ಲಿ. ಅವಳ ಮನೆಯದು ಎರಡು ಮೊಳ ದಪ್ಪದ ಕಲ್ಲಿನ ಗೋಡೆ. ಒಳಗೆ ಕಿಟಕಿಯ ಗೂಡಿನಲ್ಲಿಟ್ಟರೆ ಫೋನು ಗಂಟೆ ಬಾರಿಸುವಷ್ಟು ಸಿಗ್ನಲ್ ಬರುತ್ತಿತ್ತು. ಮಾತಾಡಿದರೆ ಒಂದು ಅಕ್ಷರ ಕೇಳಿ ಎರಡು ನುಂಗಿಹೋಗುತ್ತಿದ್ದವು. ಆದ್ದರಿಂದ ನಮ್ಮಿಬ್ಬರ ನಡುವೆ ಬಹಳ ವರ್ಷಗಳಿಂದ ಒಂದು ಪದ್ಧತಿ. ನಾನು ಮಿಸ್ ಕಾಲ್ ಕೊಡಬೇಕು. ಅವಳು ಅದನ್ನು ಎತ್ತದೆ, ಹದಿನಾಲ್ಕು ಕಲ್ಲಿನ ಮೆಟ್ಟಿಲು ಹತ್ತಿ ಮಾಳಿಗೆಗೆ ಹೋಗಿ ಅಲ್ಲಿಂದ ತಿರುಗಿ ಮಾಡಬೇಕು. ಮೆಟ್ಟಿಲು ಹದಿನಾಲ್ಕೋ ಹದಿನಾರೋ, ಈಗ ಅದೂ ಅನುಮಾನ.

ಕಳೆದ ಚಳಿಗಾಲದಲ್ಲಿ ಅವಳು ಆ ಮೆಟ್ಟಿಲಿನಿಂದಲೇ ಜಾರಿ ಬಿದ್ದಳು. ತೊಡೆಯ ಎಲುಬು ಮುರಿಯಿತು, ರಾಡು ಹಾಕಿದರು. ಇನ್ನೊಮ್ಮೆ ಬಿದ್ದರೆ ಎದ್ದು ನಡೆಯುವ ಮಾತೇ ಇಲ್ಲ ಎಂದರು. ಹಪ್ಪಳ ತೆಗೆಯಲು ಹತ್ತಿದ್ದೆ ಎನ್ನುತ್ತಾಳೆ ಅಕ್ಕ. ಆ ಸಂಜೆ ನಾನು ಮಿಸ್ ಕಾಲ್ ಕೊಟ್ಟಿದ್ದೆ ಎಂದು ನನ್ನ ನೆನಪು. ಅದೇ ಸಂಜೆಯೋ ಹಿಂದಿನ ದಿನವೋ ಖಚಿತವಿಲ್ಲ. ನನ್ನ ಕೀಪ್ಯಾಡ್ ಫೋನು ಕೊನೆಯ ಇಪ್ಪತ್ತು ಕರೆಗಳನ್ನಷ್ಟೇ ಇಟ್ಟುಕೊಳ್ಳುತ್ತದೆ. ತೆಗೆದು ನೋಡಬೇಕೆಂದು ನನಗೆ ಹೊಳೆಯುವಷ್ಟರಲ್ಲಿ ಆಸ್ಪತ್ರೆಯ ಓಡಾಟದ ಕರೆಗಳು ಅದನ್ನು ಹೊರದಬ್ಬಿದ್ದವು. ಇತಿಹಾಸದ ಎಂ.ಎ. ಮಾಡುವಾಗ ಒಬ್ಬನೇ ಸಾಕ್ಷಿಯ ಮಾತು ನಂಬಬೇಡಿ ಎಂದು ಕಲಿಸಿದ್ದರು. ಇಲ್ಲಿ ಇಬ್ಬರಿದ್ದೇವೆ. ಆದರೂ ಏನೂ ಉಪಯೋಗವಿಲ್ಲ.

ಅಕ್ಕನ ಸೊಸೆ ಕುಪ್ಪಸ ಹೊಲಿಯುತ್ತಾಳೆ. ಗಿರಾಕಿಗಳಿಗೆ ಡಿಸೈನಿನ ಫೋಟೋ ಕಳಿಸಲೆಂದು ಪಡಸಾಲೆಯಲ್ಲಿ ವೈಫೈ ಹಾಕಿಸಿಕೊಂಡಿದ್ದಾಳೆ. ನನ್ನ ಸಹೋದ್ಯೋಗಿಯೊಬ್ಬರು, ಟವರ್ ಸಿಗದ ಮನೆಯಲ್ಲಿ ವೈಫೈ ಮೂಲಕವೇ ಕರೆ ಬರುತ್ತದಲ್ಲ, ಒಂದು ಸ್ಮಾರ್ಟ್‌ಫೋನ್ ಕೊಡಿಸಿಬಿಡಿ ಎಂದರು. ನನಗೆ ನಂಬಿಕೆ ಬರಲಿಲ್ಲ. ಮೂರು ದಿನ ಸಿಕ್ಕಸಿಕ್ಕವರನ್ನು ಕೇಳಿದೆ. ನಾಲ್ಕನೆಯ ದಿನ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಒಂದು ಮೊಬೈಲ್ ಅಂಗಡಿಯಲ್ಲಿ ನಿಂತಿದ್ದೆ.

ಅಂಗಡಿಯವರು ನನಗಿಂತ ಹಿರಿಯರು, ಬಿಳಿ ಗಡ್ಡ, ಮೂಗಿನ ತುದಿಯಲ್ಲಿ ಕನ್ನಡಕ. ನನ್ನ ಕೈಯಲ್ಲಿದ್ದ ಫೋನು ನೋಡಿದವರೇ ನಕ್ಕರು.

"ಅರೇ ಸಾಬ್, ಇದನ್ನ ಮೊದ್ಲು ಒಯ್ದು ನಮ್ಮೂರ ಕೋಟೆಯೊಳಗ ಇಡ್ರಿ. ಆ ಹಳೇ ಫಿರಂಗಿ ತೋಪಿನ ಬಾಜೂಕ ಚಂದ ಕಾಣ್ತದ."

"ಫೋನ್ ನನಗಲ್ರಿ, ಅಕ್ಕಗ."

"ಅಕ್ಕಗ ಹೊಸಾದು, ನಿಮಗ ಹಳೇದು? ಬಹೋತ್ ಖೂಬ್. ಕ್ಯಾಮೆರಾ ಎಂಥಾದ್ದು ಬೇಕು?"

"ಕ್ಯಾಮೆರಾ ಬ್ಯಾಡ್ರಿ. ವೈಫೈ ಮ್ಯಾಲ ಕಾಲ್ ಬರಬೇಕು. ಅಷ್ಟ."

ಅವರು ಒಂದಾದ ಮೇಲೊಂದು ಡಬ್ಬಿ ತೆಗೆದಿಟ್ಟರು. ಪ್ರತಿಯೊಂದರಲ್ಲೂ ಸೆಟ್ಟಿಂಗ್ ತೆರೆದು, ವೈಫೈ ಕಾಲಿಂಗ್ ಎಂಬ ಸಾಲು ಕಣ್ಣಾರೆ ಕಂಡರೆ ಮಾತ್ರ ನಂಬುತ್ತೇನೆಂದೆ. ಸಿಮ್ ಕಂಪನಿಯೂ ಒಪ್ಪಬೇಕಲ್ಲ ಎಂದೆ. ವೈಫೈ ಹೋದರೆ ಏನು ಗತಿ ಎಂದೆ. ಕೊನೆಗೆ ಅವರು ತಮ್ಮದೇ ಫೋನು ತೆಗೆದು, ಟವರ್ ಬರದ ಹಾಗೆ ಮಾಡಿ, ಅಂಗಡಿಯ ವೈಫೈ ಮೇಲೆ ನನ್ನ ಕೀಪ್ಯಾಡಿಗೆ ಕರೆ ಮಾಡಿದರು. ಎದುರಿಗೇ ನಿಂತು ಇಬ್ಬರೂ ಹಲೋ ಅಂದೆವು.

"ಮಾಮೂಲಿ ಕಾಲೇ ಸಾಬ್. ಅದೇ ನಂಬರ್, ಅದೇ ರಿಂಗ್. ಟವರಿನ ಬದ್ಲಿ ವೈಫೈ, ಬಸ್. ಇಷ್ಟು ಸವಾಲ್ ಲಗ್ನಕ್ಕ ಹುಡುಗಿ ನೋಡಾಕ ಹೋದಾಗೂ ಕೇಳಿರ್ಲಿಕ್ಕಿಲ್ಲ ನೀವು."

ದೊಡ್ಡ ಅಕ್ಷರ, ಜೋರು ಸದ್ದು ಇದ್ದ ಒಂದನ್ನು ಆರಿಸಿದೆ. ಮನೆಗೆ ಬಂದ ಮೇಲೆ ಪಕ್ಕದ್ದನ್ನು ತರಬೇಕಿತ್ತು ಅನ್ನಿಸಿತು. ಯಾಕೆಂದು ಕೇಳಿದರೆ ನನ್ನ ಬಳಿ ಕಾರಣವಿಲ್ಲ.

ಭಾನುವಾರ ಕಮಲಾಪುರಕ್ಕೆ ಹೋಗಿ, ಹಳೆಯ ಸಿಮ್ ತೆಗೆದು ಹೊಸದಕ್ಕೆ ಹಾಕಿ, ಮನೆಯ ವೈಫೈಗೆ ಜೋಡಿಸಿದೆ. ವೈಫೈ ಕಾಲಿಂಗ್ ಎಂಬ ಆ ಸಾಲನ್ನು ಒತ್ತಿ ಚಾಲೂ ಮಾಡಿದೆ. ಹೊರಗೆ ಕಟ್ಟೆಯ ಮೇಲೆ ನಿಂತು ಕರೆ ಮಾಡಿದರೆ ಪಡಸಾಲೆಯಲ್ಲಿ ಕೂತ ಅಕ್ಕನ ದನಿ ಕಿವಿಯೊಳಗೇ ಕೂತು ಮಾತಾಡಿದ ಹಾಗೆ ಬಂತು. "ಅಯ್ಯ, ಬಾಗಿಲದಾಗ ನಿಂತು ಫೋನ್ಯಾಕ ಮಾಡ್ತಿ, ಒಳಗ ಬಾ," ಎಂದಳು. ನಾನು ನಿಶ್ಚಿಂತೆಯಿಂದ ಕಲಬುರಗಿಗೆ ಮರಳಿದೆ. ನಿಶ್ಚಿಂತೆ ಎರಡು ದಿನ ಬಾಳಿತು.

ಮಂಗಳವಾರ ಸಂಜೆ ಕರೆ ಮಾಡಿದೆ. ಪೂರ್ತಿ ರಿಂಗಾಯಿತು, ಎತ್ತಲಿಲ್ಲ. ಬಚ್ಚಲಿಗೆ ಹೋಗಿರಬೇಕು ಅಂದುಕೊಂಡೆ. ಐದು ನಿಮಿಷದ ಮೇಲೆ ಅವಳದೇ ಕರೆ ಬಂತು. ಗಾಳಿಯ ಸದ್ದು, ದೂರದ ಆಜಾನು, ನಡುವೆ ಅವಳ ಏದುಸಿರು.

"ಎಲ್ಲಿದ್ದಿ ಅಕ್ಕಾ?"

"ಮಾಳಗಿ ಮ್ಯಾಗ. ಮತ್ತೆಲ್ಲಿ?"

ನನಗೆ ಸಿಟ್ಟು ಬಂತೋ ಭಯ ಬಂತೋ. ಕೂಗಾಡಿದೆ. ಆಯಿತಪ್ಪ, ನಾಳೆಯಿಂದ ಎತ್ತುತ್ತೇನೆ ಎಂದಳು. ಬುಧವಾರ ಮತ್ತೆ ಹಾಗೇ ಆಯಿತು. ಗುರುವಾರ ನಾನು ಕರೆ ಮಾಡಲೇ ಇಲ್ಲ. ಮಾಡಿದರೆ ಹತ್ತುತ್ತಾಳೆ, ಮಾಡದಿದ್ದರೆ ನಾನು ಕೋಣೆಯಲ್ಲಿ ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ತಿರುಗುತ್ತೇನೆ. ಕೊನೆಗೆ ಸೊಸೆಗೆ ಮಾಡಿದೆ.

"ನಾ ಏನ್ ಮಾಡ್ಲಿ ಮಾಮಾ? ಫೋನ್ ಹೊಡ್ಕೊಂಡ್ರ ಸಾಕು, ಕೋಲು ಹಿಡದು ಎದ್ದೇ ಬಿಡ್ತಾರ. ಅಡ್ಡ ನಿಂತ್ರ ನನ್ನ ಮ್ಯಾಲ ಹರಿಹಾಯ್ತಾರ. ನೀವ ಬಂದು ಹೇಳ್ರಿ."

ಶುಕ್ರವಾರ ರಜೆ ಹಾಕಿ ಬಸ್ಸು ಹತ್ತಿದೆ. ಅಕ್ಕ ಪಡಸಾಲೆಯಲ್ಲಿ ಕೆಂಪು ಬಾಳೆಹಣ್ಣಿನ ಸಿಪ್ಪೆ ಸುಲಿಯುತ್ತ ಕೂತಿದ್ದಳು. ಒಂದನ್ನು ನನ್ನ ಕೈಗಿಟ್ಟಳು. ನಾನು ತಿನ್ನದೆ ಕೇಳಿದೆ, "ಫೋನ್ ಯಾಕ ಎತ್ತವಲ್ಲಿ?"

"ನೀನ ಎತ್ತಬ್ಯಾಡ ಅಂದಿದ್ದಿ."

"ನಾನಾ? ಯಾವಾಗ?"

"ಹೊಸದಾಗಿ ಫೋನ್ ಬಂದಾಗ. ಒಂದಿನ ನಿನ್ನ ಮಿಸ್ ಕಾಲ್ ಎತ್ತಿಬಿಟ್ಟೆ. ಎಷ್ಟು ಬೈದಿ! ಅಕ್ಕಾ, ನಾ ಮಾಡಿದ್ದು ಎತ್ತಬ್ಯಾಡ, ಏನ ಆಗ್ಲಿ ಎತ್ತಬ್ಯಾಡ ಅಂತ. ನಾ ಅತ್ತಿದ್ದೆ ಆವತ್ತು."

ನನಗೆ ನೆನಪಿಲ್ಲ. ಪದ್ಧತಿ ನಮ್ಮಿಬ್ಬರ ನಗುವಿನ ನಡುವೆ ಹುಟ್ಟಿದ್ದು, ಅದನ್ನು ಹೇಳಿಕೊಟ್ಟವಳೇ ಅವಳು ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಮಾಳಿಗೆಯ ಮೇಲೆ ನಿಂತು ಅವಳು ನಗುತ್ತಿದ್ದ ಚಿತ್ರವೂ ಕಣ್ಣ ಮುಂದಿದೆ. ಆದರೆ ಫೋನಿನ ಈ ತುದಿಯಲ್ಲಿದ್ದ ನನಗೆ ಅದು ಕಂಡದ್ದಾದರೂ ಹೇಗೆ? ಅಕ್ಕನ ಮಾತಿನಲ್ಲಿ ಅಳು ಇದೆ, ಬೈಗುಳ ಇದೆ, ನನ್ನದೇ ದನಿಯ ಧಾಟಿ ಇದೆ. ಬೈದಿರಬೇಕು.

"ಈಗ ಹೇಳ್ತೀನಿ ಅಕ್ಕಾ, ಎತ್ತು. ತಪ್ಪಾತು, ಎತ್ತು."

ಅವಳು ಅಡುಗೆಮನೆಯ ಕಡೆ ಕಣ್ಣು ತಿರುಗಿಸಿದಳು. ಸೊಸೆ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಅಕ್ಕ ದನಿ ಇಳಿಸಿದಳು.

"ಇಲ್ಲಿ ಕೂತು ಏನ್ ಮಾತಾಡ್ಲಿ ತಮ್ಮಾ? ಆಕಿ ಕಿವಿ ಇಲ್ಲೇ ಇರ್ತದ. ಕೆಟ್ಟಾಕಿ ಅಲ್ಲ. ಖರೇ, ನಂದೂ ನಾಕು ಮಾತು ಇರ್ತಾವಿಲ್ಲೋ? ಮ್ಯಾಗ ಹೋದ್ರ ಯಾರೂ ಕೇಳಂಗಿಲ್ಲ."

ನಾನು ಅಂಗಡಿಯಲ್ಲಿ ಕೇಳಿದ ಅಷ್ಟು ಪ್ರಶ್ನೆಗಳಲ್ಲಿ ಇದೊಂದು ಇರಲಿಲ್ಲ. ಅವಳಿಗೆ ಮಾಳಿಗೆ ಯಾಕೆ ಬೇಕಿತ್ತು ಎಂದು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಹಾಗಾದರೆ ಆ ಬೈಗುಳದ ಕತೆ? ನಿಜವೋ, ಮಾಳಿಗೆ ಬಿಡದಿರಲು ಈಗ ಕಟ್ಟಿಕೊಂಡದ್ದೋ? ಕೇಳಬೇಕೆಂದು ಬಾಯಿ ತೆರೆದೆ. ಅವಳ ಕೈ ತೊಡೆಯ ಮೇಲಿನ ಹೊಲಿಗೆಯ ಗುರುತನ್ನು ಸೀರೆಯ ಮೇಲಿಂದಲೇ ನೀವುತ್ತಿತ್ತು. ಕೈಯಲ್ಲಿದ್ದ ಬಾಳೆಹಣ್ಣನ್ನು ಕಚ್ಚಿದೆ.

ಅವಳ ಫೋನು ಹಿಡಿದು ಮನೆಯ ತುಂಬ ತಿರುಗಿದೆ. ದೇವರ ಕೋಣೆಯಲ್ಲಿ ವೈಫೈ ಗುರುತು ಒಂದೇ ಗೆರೆಗೆ ಬಂತು. ಕಾಳು ಇಡುವ ಕೋಣೆಯಲ್ಲಿ ಸತ್ತೇಹೋಯಿತು. ಪಡಸಾಲೆಯ ಹಿಂದಿನ ಕಿಟಕಿ ತೆರೆದಿಟ್ಟು, ಬಾಗಿಲಿನಿಂದ ಹಿತ್ತಲಿಗೆ ಹೋದೆ. ಅಲ್ಲಿ ಬಟ್ಟೆ ಒಗೆಯುವ ಕಲ್ಲಿನವರೆಗೂ ಎರಡು ಗೆರೆ ಉಳಿದವು. ಅಡುಗೆಮನೆ ಆಚೆ ಬದಿಗೆ. ನೆಲ ಸಮ, ಒಂದೇ ಒಂದು ಮೆಟ್ಟಿಲಿಲ್ಲ. ಅಕ್ಕ ಕೋಲೂರಿ ಬಂದು ಕಲ್ಲಿನ ಮೇಲೆ ಕೂತಳು, ಸುತ್ತ ನೋಡಿದಳು.

"ಇಲ್ಲಿಗೆ ಬಂದು ಕೂಡೂತನಕ ರಿಂಗ್ ನಿಂತುಹೋದ್ರ?"

"ಇನ್ನೊಂದ್ ಸಲ ಮಾಡ್ತೀನಿ. ಮತ್ತ ಮಾಡ್ತೀನಿ. ಎತ್ತೂತನಕ ಮಾಡ್ತೀನಿ."

"ನೋಡೂಣು," ಎಂದಳು. ನನ್ನ ಮಾತಿನ ಮೇಲೆ ಅವಳಿಗೂ ನಂಬಿಕೆ ಅಷ್ಟಕ್ಕಷ್ಟೇ.

ಕಿಟಕಿ ಮುಚ್ಚಬೇಡ ಎಂದು ಸೊಸೆಗೆ ಹೇಳಿ ಬಸ್‌ಸ್ಟ್ಯಾಂಡಿಗೆ ನಡೆದೆ. ಅಲ್ಲಿಂದ ಕರೆ ಮಾಡಿದೆ. ಪೂರ್ತಿ ರಿಂಗಾಗಿ ಕಡಿಯಿತು. ಮೆಟ್ಟಿಲ ಕಡೆ ಹೊರಟಿರಬಹುದು. ಮತ್ತೆ ಒತ್ತಿದೆ. ಆರನೆಯ ರಿಂಗಿಗೆ ಎತ್ತಿದಳು. ಗಾಳಿಯ ಸದ್ದಿಲ್ಲ, ಏದುಸಿರಿಲ್ಲ. ಹತ್ತಿರದಲ್ಲೆಲ್ಲೋ ಕೊಡಕ್ಕೆ ನೀರು ಬೀಳುತ್ತಿತ್ತು.

"ಕಲ್ಲಿನ ಮ್ಯಾಲ ಕೂತೀನಿ. ಕೇಳಸ್ತದೇನು?"

"ಕೇಳಸ್ತದ."

"ಹಂಗಾರ ಕೇಳು. ನಿನ್ನಿ ಈಕಿ ಸಾರಿಗೆ ಉಪ್ಪು ಎಷ್ಟು ಸುರುವಿದ್ಲು ಅಂತೀ..."

ಕಲಬುರಗಿ ಬಸ್ಸು ಬಂದು ನಿಂತಿತು. ಕಂಡಕ್ಟರ್ ನನ್ನ ಮುಖ ನೋಡಿದ. ನಾನು ಹತ್ತುವುದಿಲ್ಲ ಎಂದು ಕೈ ಮಾಡಿದೆ. ಅಕ್ಕ ಇನ್ನೂ ಉಪ್ಪಿನಲ್ಲೇ ಇದ್ದಳು.