ಟ್ಯಾಂಕರ್ ಪ್ರಮೋದಣ್ಣನ ಲೈವ್ ಲೊಕೇಶನ್

ಬೇಗೂರಿನ ನಮ್ಮ ಬೀದಿಯಲ್ಲಿ ಪ್ರಮೋದಣ್ಣ ಬಂದನೆಂದು ಹಾರನ್ನಿನಿಂದಲೇ ಗೊತ್ತಾಗುತ್ತದೆ. ನೀರಿನ ಟ್ಯಾಂಕರ್ ಓಡಿಸುವವನು. ಬಿಟಿಎಂ, ಜೆಪಿ ನಗರ, ಗೊಟ್ಟಿಗೆರೆ ಎಲ್ಲಾ ಸುತ್ತುತ್ತಾನೆ. ಪೈಪು ಗೇಟಿಗೆ ತಗುಲಿದರೆ ಯಾವ ಆಂಟಿ ಬಯ್ಯುತ್ತಾಳೆ ಎಂಬುದೂ ಅವನಿಗೆ ಬಾಯಿಪಾಠ.

ಅವನ ತಮ್ಮ ಸಿದ್ಧಾರ್ಥ ಜಯನಗರದ ಧೃತಿಯನ್ನು ರಿಜಿಸ್ಟರ್ ಮದುವೆಯಾದ. ಇಬ್ಬರೂ ವಯಸ್ಕರು, ಒಪ್ಪಿ ಹಾಕಿದ ಸಹಿ. ಆದರೆ ಜಾತಿ ಬೇರೆ, ಮೇಲಾಗಿ ಧೃತಿಯ ತಂದೆಗೆ ಪೊಲೀಸರಲ್ಲಿ ಬಳಕೆ ಜಾಸ್ತಿ. ಗಂಡ ಹೆಂಡತಿ ಗೊಟ್ಟಿಗೆರೆಯಲ್ಲೊಂದು ಕೋಣೆ ಹಿಡಿದು ಅಡಗಿದರು. ಜಾಗ ಗೊತ್ತಿದ್ದದ್ದು ಪ್ರಮೋದಣ್ಣನೊಬ್ಬನಿಗೆ.

ಕಾನ್‌ಸ್ಟೇಬಲ್ ರವಿಕುಮಾರ್ ಅವನನ್ನು ಠಾಣೆಗೆ ಕರೆಸಿದ. ಕೇಸಿಲ್ಲ, ನೋಟಿಸಿಲ್ಲ, ಕೋರ್ಟಿನ ಆದೇಶವಂತೂ ಇಲ್ಲವೇ ಇಲ್ಲ. ಬೆಂಚಿನ ಮೇಲೆ ಕೂರಿಸಿ, ಟೀ ಕುಡಿಸಿ, ಫೋನ್ ಕೇಳಿದ. ಮೆಸೇಜು, ಫೋಟೊ, ಅಮ್ಮ ಅಣ್ಣಮ್ಮನ ಸ್ಕ್ಯಾನಿಂಗ್ ರಿಪೋರ್ಟು, ಯಾವುದನ್ನೂ ಬಿಡಲಿಲ್ಲ. ಕೆಲವನ್ನು ಪಕ್ಕದವರಿಗೆ ಜೋರಾಗಿ ಓದಿ ನಗಿಸಿದ. ತಮ್ಮನ ಸುಳಿವು ಸಿಗಲಿಲ್ಲ. ಕೊನೆಗೆ ಅದೇ ಫೋನಿನಿಂದ ತನ್ನ ನಂಬರಿಗೆ ಲೈವ್ ಲೊಕೇಶನ್ ಹಾಕಿಕೊಂಡ.

“ದಿನಾ ನೀನೇ ಹಾಕು. ಆಫ್ ಆಯ್ತು ಅಂದ್ರೆ ನಿಮ್ಮಮ್ಮನ್ನ ಕರ್ಕೊಂಡ್ ಬಂದು ಇದೇ ಬೆಂಚಲ್ಲಿ ಕೂರಿಸ್ತೀನಿ.”

ಪ್ರಮೋದಣ್ಣ ದಿನವೂ ಹಾಕಿದ. ತಮ್ಮನ ಬೀದಿಯ ಕಡೆ ತಲೆ ಹಾಕಲಿಲ್ಲ. ಯುಗಾದಿ ಬಂತು. ಸೊಸೆಗೆ ಇನ್ನೂ ಒಂದು ತುತ್ತು ಕೊಟ್ಟಿಲ್ಲವೆಂದು ಅಣ್ಣಮ್ಮ ಒಬ್ಬಟ್ಟಿನ ಡಬ್ಬಿ ಕೈಗಿಟ್ಟು ಹಟ ಹಿಡಿದಳು. ಅವನು ಯೋಚಿಸಿದ. ಫೋನ್ ಮನೆಯಲ್ಲಿ ಬಿಟ್ಟರೆ, ಬೇಸಿಗೆಯಲ್ಲಿ ಟ್ಯಾಂಕರಿನವನು ಸುಮ್ಮನೆ ಕೂತಿದ್ದಾನೆಯೇ ಎಂದು ಅನುಮಾನ ಬರುತ್ತದೆ. ಜೇಬಿನಲ್ಲಿದ್ದರೆ, ಊರೆಲ್ಲಾ ನಿಲ್ಲುವ ಗಾಡಿ, ಇದೂ ಒಂದು ಲೋಡ್ ಎಂದುಕೊಳ್ಳುತ್ತಾರೆ. ಒಂದು ಲೋಡ್ ಇಳಿಸಲು ಹಿಡಿಯುವಷ್ಟೇ ಹೊತ್ತು ತಮ್ಮನ ಕಟ್ಟಡದ ಮುಂದೆ ಗಾಡಿ ನಿಲ್ಲಿಸಿ, ಡಬ್ಬಿ ಕೊಟ್ಟು ಬಂದ.

ರವಿಕುಮಾರ್‌ಗೆ ಅದು ಹೊಸ ಜಾಗವಾಗಿ ಕಂಡಿತು. ಮಾರನೆಯ ದಿನವೇ ಅಲ್ಲಿಗೆ ಹೋಗಿ, ಟ್ಯಾಂಕರ್ ತರಿಸಿದ್ದಿರಾ ಎಂದು ಕಟ್ಟಡದ ಮಾಲೀಕರನ್ನು ವಿಚಾರಿಸಿದ. ಅವರಿಗೆ ಭಾರಿ ಹೆಮ್ಮೆ. ತಮ್ಮ ಬೋರ್‌ವೆಲ್ ಯಾವ ಬೇಸಿಗೆಯಲ್ಲೂ ಬತ್ತಿಲ್ಲ, ಈವರೆಗೆ ಒಂದೇ ಒಂದು ಟ್ಯಾಂಕರ್ ಕರೆಸಿಲ್ಲ ಎಂದರು.

ಅಷ್ಟು ಸಾಕಾಯಿತು. ಧೃತಿಯ ತಂದೆ, ಅಣ್ಣಂದಿರು ಕಾರಿನಲ್ಲಿ ಬಂದರು. ರವಿಕುಮಾರ್ ಬಾಗಿಲು ಕಾದ. ಹೇಳಿಕೆ ಪಡೆಯಬೇಕೆಂದು ಹೇಳಿ, ಚಪ್ಪಲಿ ಮೆಟ್ಟಲೂ ಬಿಡದೆ ಅವಳನ್ನು ಎಳೆದೊಯ್ದರು. ಅಡ್ಡ ಬಂದ ಸಿದ್ಧಾರ್ಥನ ಕೈ ಮುರಿದರು.

ಪ್ರಮೋದಣ್ಣ ಠಾಣೆಗೆ ಓಡಿದ. ಯಾವ ಆರ್ಡರ್ ಮೇಲೆ ನನ್ನನ್ನು ಹಿಂಬಾಲಿಸಿದಿರಿ ಎಂದು ಕೇಳಿದ. ರವಿಕುಮಾರ್ ಸಿಟ್ಟಾಗಲಿಲ್ಲ.

“ಆರ್ಡರ್ ಯಾಕಪ್ಪ ಬೇಕು? ದಿನಾ ನೀನೇ ಕಳಿಸ್ತಿದ್ದೆ. ನಾನೇನ್ ಕಿತ್ಕೊಂಡ್ನಾ? ಒಬ್ಬಟ್ಟು ಮಾತ್ರ ಚೆನ್ನಾಗಿತ್ತು ಬಿಡು.”

ಹೆಂಡತಿಯನ್ನು ಹಾಜರುಪಡಿಸಬೇಕೆಂದು ಸಿದ್ಧಾರ್ಥನ ಪರವಾಗಿ ವಕೀಲರೊಬ್ಬರು ಹೈಕೋರ್ಟಿಗೆ ಅರ್ಜಿ ಹಾಕಿದರು. ಧೃತಿ ತಂದೆಯ ಜೊತೆ ಕೋರ್ಟಿಗೆ ಬಂದು, ತವರಿನಲ್ಲೇ ಇರುತ್ತೇನೆಂದು ನೆಲ ನೋಡುತ್ತಾ ಹೇಳಿ ಹೋದಳು.

ಆ ಸಂಜೆ ಪ್ರಮೋದಣ್ಣ ತಮ್ಮನ ಕೋಣೆಗೆ ಹೋದ. ಸಿದ್ಧಾರ್ಥ ಬಾಗಿಲಲ್ಲೇ ತಡೆದು ಅವನ ಅಂಗಿಯ ಜೇಬು ನೋಡಿದ.

“ಈಗ್ಲೂ ಆನ್ ಇದ್ಯಾ?”

ಆನ್ ಇತ್ತು. ಮನೆಯಲ್ಲಿ ಅಮ್ಮ ಒಬ್ಬಳೇ ಇದ್ದಳು. ಪ್ರಮೋದಣ್ಣ ಅದನ್ನು ಹೇಳುವಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿತು.