ಒಳಹೊಲಿಗೆ ತೋರಿಸಿದ ಒಂಬತ್ತೂವರೆ

ನನ್ನ ಅಕ್ಕನ ಗಂಡನಿಗೆ ಬೀದಿಯವರು ಇಟ್ಟ ಹೆಸರು ಒಂಬತ್ತೂವರೆ. ಹೊಲಿಗೆ ಮಷೀನಿನ ಸೂಜಿ ಹೊಕ್ಕ ಬೆರಳು ಕೊಳೆತು, ಆಸ್ಪತ್ರೆಯವರು ಅದರಲ್ಲಿ ಅರ್ಧ ಕತ್ತರಿಸಿದ್ದರು. ಕರೆದರೆ ನಗುತ್ತಲೇ ಓಗೊಡುತ್ತಿದ್ದರು, ಅಂಥ ಮನುಷ್ಯ ನಮ್ಮ ಭಾವ. ಹೊಲಿದ ಬಟ್ಟೆಯನ್ನು ತಿರುವಿ ಒಳಹೊಲಿಗೆ ತೋರಿಸದೆ ಗಿರಾಕಿಗೆ ಕೊಟ್ಟವರೇ ಅಲ್ಲ. "ಒಳಗಡೆ ಮುಚ್ಚಿಡೋ ಟೈಲರು ಕಳ್ಳ ಕಣಮ್ಮಾ" ಎಂದು, ಗುಂಡಿ ಹಾಕುತ್ತ ಕೂತ ನನಗೆ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು.

ಬೆರಳು ಹೋದ ಮೇಲೆ ಆರು ವರ್ಷ ತಿಣುಕಿ ಮಷೀನಿಗೊಂದು ಕಾವಲು ಮಾಡಿದರು. ಬೆರಳು ತಾಗಿದೊಡನೆ ತಗಡಿನ ನಾಲಿಗೆಯೊಂದು ಸೂಜಿಯನ್ನು ಮೇಲೆಯೇ ತಡೆದು ನಿಲ್ಲಿಸುತ್ತದೆ. ಗುಟ್ಟೆಲ್ಲ ಒಳಗಿನ ಸ್ಪ್ರಿಂಗಿನ ಬಾಗಿನಲ್ಲಿ. ಪೇಟೆಂಟ್ ಸಿಕ್ಕರೆ ಭಾವನ ಒಪ್ಪಿಗೆ ಇಲ್ಲದೆ ಯಾವ ಕಂಪನಿಯೂ ಅದನ್ನು ಮಾಡುವಂತಿಲ್ಲ ಎಂದ ಪಕ್ಕದ ಬೀದಿಯ ವಕೀಲ ಅರ್ಜಿಯನ್ನೂ ಬರೆದಿಟ್ಟ. ಕಳಿಸುವ ಮೊದಲು ಪೇಟೆಂಟ್ ಕಾನೂನಿನ ಸಮ್ಮೇಳನಕ್ಕೆ ಕರೆದ.

"ಬನ್ನಿ, ನಿಮ್ಮ ಹಕ್ಕೇನು ಅಂತ ನಿಮಗೂ ಗೊತ್ತಾಗತ್ತೆ."

ಬೆಳಿಗ್ಗೆ ಹನ್ನೊಂದಕ್ಕೆ ಕಾವಲಿನ ಸಮೇತ ಭಾವನನ್ನು ವೇದಿಕೆ ಹತ್ತಿಸಿದರು. ಒಳಗಡೆ ಹೇಗಿದೆ ಎಂದು ಯಾರೋ ಕೇಳಿದರು. ಭಾವ ನನ್ನ ಕಡೆ ನೋಡಿದರು. ನಾನು, ಪಾಪಿ, ಕೂತಲ್ಲಿಂದಲೇ, "ತೋರ್ಸಿ ಭಾವ, ಅದಕ್ಯಾಕೆ ನಾಚ್ಕೆ!" ಎಂದೆ. ಅಂಗಿ ತಿರುವಿದಷ್ಟೇ ಸಲೀಸಾಗಿ ಕಾವಲನ್ನು ತಿರುವಿ, ಬಿಚ್ಚಿ, ಸ್ಪ್ರಿಂಗನ್ನು ಅಂಗೈಮೇಲೆ ಹಿಡಿದರು. ಚಪ್ಪಾಳೆಯೋ ಚಪ್ಪಾಳೆ. ಫೋಟೋ ತೆಗೆದವರಿಗೆ ಲೆಕ್ಕವಿಲ್ಲ.

ಊಟದ ನಂತರ ಮೊದಲ ಉಪನ್ಯಾಸ. ಅರ್ಜಿ ಹಾಕುವ ಮೊದಲು ಯಾರಿಗೂ ತೋರಿಸಬೇಡಿ, ಒಮ್ಮೆ ಬಯಲಾದರೆ ಕಾನೂನಿನ ಕಣ್ಣಿಗೆ ಅದು ಹೊಸದಲ್ಲ, ಪೇಟೆಂಟೂ ಇಲ್ಲ ಎಂದರು ಭಾಷಣಕಾರರು. ಹಾಗೆಂದ ಮಹಾನುಭಾವ, ಮೇಜಿನ ಮೇಲೆ ಇನ್ನೂ ಬಿಡಿಬಿಡಿಯಾಗಿ ಬಿದ್ದಿದ್ದ ನಮ್ಮ ಕಾವಲನ್ನು ಪಕ್ಕಕ್ಕೆ ಸರಿಸಿ ನೀರಿನ ಲೋಟ ಇಟ್ಟುಕೊಂಡ.

"ಸಾರ್, ನಾವು ಬೆಳಿಗ್ಗೆನೇ ತೋರಿಸ್ಬಿಟ್ವಲ್ಲ?" ಭಾವ ಪಿಸುಗುಟ್ಟಿದರು.

"ಕಾರ್ಯಕ್ರಮದ ಪಟ್ಟಿ ನಾನು ಮಾಡಿದ್ದಲ್ಲಾರೀ" ಎಂದ ವಕೀಲ.

ಅರ್ಜಿ ಬಿದ್ದುಹೋಯಿತು. ಮೊದಲೇ ಬಯಲಾಗಿದ್ದಕ್ಕೆ ಸಾಕ್ಷಿ, ಸಮ್ಮೇಳನದವರೇ ಅಚ್ಚು ಹಾಕಿಸಿದ ಸ್ಮರಣ ಸಂಚಿಕೆಯ ಫೋಟೋ: ಮೊಂಡು ಬೆರಳಿನ ಅಂಗೈ, ಅದರ ಮೇಲೆ ಸ್ಪ್ರಿಂಗು. ವರ್ಷ ತುಂಬುವುದರೊಳಗೆ ಎದುರಿನ ಅಂಗಡಿಗೆ ಬಂದ ಹೊಸ ಮಷೀನಿನಲ್ಲಿ ಅದೇ ಕಾವಲು ಕೂತಿತ್ತು.

ವಕೀಲ ಹಲ್ಲು ಕಿರಿಯುತ್ತ ಮತ್ತೆ ಬಂದ. "ಈ ಸಲದ ಸಮ್ಮೇಳನದಲ್ಲಿ ನಿಮ್ಮದೇ ಉದಾಹರಣೆ. ಬಂದು ಕೂತ್ಕೊಳ್ಳಿ, ನಾಲ್ಕು ಜನಕ್ಕೆ ಪಾಠ ಆಗತ್ತೆ."

"ಕೈಯಲ್ಲಿ ಕತ್ತರಿ ಇದೆ, ಸುಮ್ನೆ ಹೋಗ್ತೀರೋ ಇಲ್ವೋ?" ಎಂದೆ. ಭಾವ ಮಷೀನು ತುಳಿಯುತ್ತಲೇ ಇದ್ದರು.

ಮೊನ್ನೆ ಹಳೆಯ ಗಿರಾಕಿಯೊಬ್ಬರು ಅಂಗಿ ಒಯ್ಯಲು ಬಂದರು. "ಎಲ್ಲಿ, ತಿರುವಿ ತೋರ್ಸಿ ನೋಡೋಣ" ಎಂದರು ಎಂದಿನ ತಮಾಷೆಯಲ್ಲಿ. ಭಾವ ಅಂಗಿಯನ್ನು ಎದೆಗೆ ಅವುಚಿಕೊಂಡರು.

"ಮನೆಗೆ ಹೋಗಿ ನೋಡ್ಕೊಳ್ಳಿ."

"ಅದೇನ್ರೀ ಮುಚ್ಚಿಡ್ತಿದ್ದೀರಿ?" ಎಂದು ಅವರು ಅಂಗಿ ಎಳೆದುಕೊಂಡು ತಾವೇ ತಿರುವಿದರು. ಒಳಗೆ ಅಂಚು ಹೊಲಿದೇ ಇರಲಿಲ್ಲ, ನೂಲು ಜೋತಾಡುತ್ತಿತ್ತು. ಗುಂಡಿ ಹಾಕುವಾಗಲೇ ನಾನದನ್ನು ನೋಡಿದ್ದೆ, ಬಾಯಿ ಬಿಟ್ಟಿರಲಿಲ್ಲ.